ಮುಂದಿನ ಟರ್ಬೈನ್ ಉಳಿಸಿಕೊಟ್ಟ ಗಾಳಿಯ ಲೆಕ್ಕ

ಟರ್ಬೈನಿನ ರೆಕ್ಕೆಗಳನ್ನು ದಾಟಿ ಬಂದ ಗಾಳಿಯ ವೇಗ ಕುಗ್ಗಿರುತ್ತದೆ, ಒಳಗೆಲ್ಲ ಸುಳಿಗಳಿರುತ್ತವೆ. ಇದನ್ನೇ ವೇಕ್ ಎನ್ನುವುದು. ಹಿಂದೆ ನಿಂತ ಟರ್ಬೈನ್ ಈ ವೇಕಿನೊಳಗೆ ಸಿಕ್ಕಿಕೊಂಡರೆ ಎಷ್ಟು ವಿದ್ಯುತ್ ಖೋತಾ ಆಗುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ.

ನನ್ನ ಲೆಕ್ಕವನ್ನು ಒರೆಗೆ ಹಚ್ಚಲು ನಾನು ಆರಿಸಿಕೊಂಡದ್ದು ಡೆನ್ಮಾರ್ಕಿನ ಪಶ್ಚಿಮ ಕರಾವಳಿಯಾಚೆ ಸಮುದ್ರದಲ್ಲಿ ನಿಂತಿರುವ ಹಾರ್ನ್ಸ್ ರೆವ್ 1 ಎಂಬ ಗಾಳಿ ವಿದ್ಯುತ್ ಕೇಂದ್ರ. ತಲಾ 2 ಮೆಗಾವ್ಯಾಟಿನ 80 ಟರ್ಬೈನ್‌ಗಳು 2002ರಲ್ಲಿ ಅಲ್ಲಿ ನಿಂತವು. ರೆಕ್ಕೆಗಳ ವೃತ್ತದ ವ್ಯಾಸ 80 ಮೀಟರ್, ಒಂದರಿಂದ ಇನ್ನೊಂದಕ್ಕೆ 560 ಮೀಟರ್. ಬೆಟ್ಟಗುಡ್ಡಗಳ ತಕರಾರಿಲ್ಲ, ಅಳತೆಗಳೂ ಪ್ರಕಟವಾಗಿವೆ.

ಮೊದಲಿಗೆ ವೇಕಿನಲ್ಲಿ ಗಾಳಿಯ ವೇಗ ಎಷ್ಟು ಕುಗ್ಗುತ್ತದೆ ಎಂದು ಅಂದಾಜಿಸುವ 1983ರ ಯೆನ್ಸೆನ್ ಸೂತ್ರವನ್ನು ಹಿಡಿದೆ. ಒಂದು ಮೀಟರ್ ಸಾಗಿದಂತೆ ವೇಕಿನ ತ್ರಿಜ್ಯ 4 ಸೆಂಟಿಮೀಟರ್ ಹಿಗ್ಗುತ್ತದೆ, ನೂಕುಬಲದ ಗುಣಾಂಕ, ಅಂದರೆ ಟರ್ಬೈನ್ ಗಾಳಿಯನ್ನು ಎಷ್ಟು ತಡೆಯುತ್ತದೆ ಎಂಬ ಅಂಕಿ, 0.8 ಎಂದಿಟ್ಟುಕೊಂಡೆ. ಸೆಕೆಂಡಿಗೆ 8 ಮೀಟರ್ ಇದ್ದ ಗಾಳಿ ಎರಡನೇ ಟರ್ಬೈನ್ ಮುಟ್ಟುವಷ್ಟರಲ್ಲಿ 6.2ಕ್ಕೆ ಇಳಿಯಿತು. ಗಾಳಿಯ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಬದಲಾಗುವುದರಿಂದ ಉತ್ಪಾದನೆ ಮೊದಲನೆಯದರ ಶೇ. 46 ಮಾತ್ರ. ನೇರ ಪಶ್ಚಿಮದ ಗಾಳಿಗೆ ಅಲ್ಲಿನ ಅಳತೆಗಳು ತೋರಿಸುವುದು ಶೇ. 60ರ ಆಸುಪಾಸು.

ಹಿಗ್ಗುವಿಕೆಯ ಗುಣಾಂಕವನ್ನು 0.04ರಿಂದ 0.075ಕ್ಕೆ ಏರಿಸಿದರೆ ಉತ್ತರ ಶೇ. 65 ಬರುತ್ತದೆ. ಈ ದಾರಿ ನನಗೆ ಒಪ್ಪಿಗೆಯಿಲ್ಲ. 0.075 ನೆಲದ ಮೇಲೆ ಬಳಸುವ ಅಂಕಿ. ವೇಕನ್ನು ಹಿಗ್ಗಿಸುವುದು ಗಾಳಿಯ ಕ್ಷೋಭೆ; ಸಮುದ್ರದ ಗಾಳಿಯಲ್ಲಿ ಅದು ಅಷ್ಟು ಇರುವುದಿಲ್ಲ. ಬೇಕಾದ ಉತ್ತರ ಬರುವವರೆಗೆ ಅಂಕಿ ತಿರುಚುತ್ತಾ ಹೋದರೆ ಲೆಕ್ಕದಿಂದ ಕಲಿಯುವುದು ಏನೂ ಇರುವುದಿಲ್ಲ.

ನಾನು ದಿಕ್ಕಿನ ಕಡೆ ತಿರುಗಿದೆ. ದಾಖಲೆಯಲ್ಲಿ 270 ಡಿಗ್ರಿ (ನೇರ ಪಶ್ಚಿಮ) ಎಂದಿರುವುದು ಹತ್ತು ನಿಮಿಷದ ಸರಾಸರಿ. ಆ ಹತ್ತು ನಿಮಿಷ ಗಾಳಿ ಅತ್ತಿತ್ತ ಹೊಯ್ದಾಡುತ್ತಲೇ ಇರುತ್ತದೆ; ಅಳೆಯುವ ಉಪಕರಣದಲ್ಲೂ ಒಂದಿಷ್ಟು ಹೆಚ್ಚುಕಡಿಮೆ ಉಂಟು. ಗಾಳಿ 5 ಡಿಗ್ರಿ ತಿರುಗಿದರೆ 560 ಮೀಟರ್ ದೂರದಲ್ಲಿ ವೇಕಿನ ನಡುಗೆರೆ 49 ಮೀಟರ್ ಪಕ್ಕಕ್ಕೆ ಸರಿಯುತ್ತದೆ. 10 ಡಿಗ್ರಿಯಾದರೆ 99 ಮೀಟರ್. ಅಲ್ಲಿ ವೇಕಿನ ತ್ರಿಜ್ಯ ಇರುವುದೇ ಸುಮಾರು 62 ಮೀಟರ್. ಹಾಗಾಗಿ ಹಿಂದಿನ ಟರ್ಬೈನ್ ಹೆಚ್ಚುಕಡಿಮೆ ಪೂರ್ತಿಯಾಗಿ ಪಾರಾಗುತ್ತದೆ. 270ರ ಎರಡೂ ಬದಿಯ ದಿಕ್ಕುಗಳಿಗೆ ಲೆಕ್ಕ ಹಾಕಿ, 5 ಡಿಗ್ರಿ ಮಾನಕ ವಿಚಲನೆಯ ಗಾಸಿಯನ್ ತೂಕ ಕೊಟ್ಟು (270ಕ್ಕೆ ಹತ್ತಿರವಾದಷ್ಟೂ ಹೆಚ್ಚು ತೂಕ) ಸರಾಸರಿ ತೆಗೆದೆ. ಗುಣಾಂಕವನ್ನು ಮುಟ್ಟದೆಯೇ ಉತ್ತರ ಶೇ. 60ಕ್ಕೆ ಬಂದು ನಿಂತಿತು! ಆ ಖುಷಿ ಇಂದಿಗೂ ಆರಿಲ್ಲ.

ಆಮೇಲೆ ಹರಿವಿನ ಲೆಕ್ಕ ಮಾಡುವ ಓಪನ್‌ಫೋಮ್ ತಂತ್ರಾಂಶದಲ್ಲಿ, ರೆಕ್ಕೆಗಳ ಬದಲು ಗಾಳಿಯನ್ನು ಅಷ್ಟೇ ತಡೆಯುವ ತಟ್ಟೆಯೊಂದನ್ನು (ಆ್ಯಕ್ಚುಯೇಟರ್ ಡಿಸ್ಕ್) ಇಟ್ಟು ಇದೇ ಲೆಕ್ಕ ಮಾಡಿದೆ. ಕ್ಷೋಭೆಯನ್ನು ಸರಾಸರಿಯಾಗಿ ಅಂದಾಜಿಸುವ ಸಾಮಾನ್ಯ ಕೆ-ಎಪ್ಸಿಲಾನ್ ಮಾದರಿಯಲ್ಲಿ ವೇಕ್ ನಿಜಕ್ಕಿಂತ ಬೇಗ ಚೇತರಿಸಿಕೊಂಡುಬಿಡುತ್ತದೆ, ಎಚ್ಚರವಿರಲಿ. ದೊಡ್ಡ ಸುಳಿಗಳನ್ನು ನೇರವಾಗಿ ಲೆಕ್ಕ ಹಾಕುವ ಲಾರ್ಜ್ ಎಡ್ಡಿ ಸಿಮ್ಯುಲೇಶನ್ ಮೇಲು, ಆದರೆ ಅದಕ್ಕೆ ದೊಡ್ಡ ಕಂಪ್ಯೂಟರೇ ಬೇಕು.

ನಮ್ಮ ಚಿತ್ರದುರ್ಗದಂಥ ಕಡೆ ಟರ್ಬೈನ್‌ಗಳು ಗುಡ್ಡದ ನೆತ್ತಿಯುದ್ದಕ್ಕೂ ನಿಂತಿರುತ್ತವೆ. ಏರು ಹತ್ತುವ ಗಾಳಿ ವೇಗ ಪಡೆಯುತ್ತದೆ, ಆಚೆಯ ಇಳಿಜಾರಿನಲ್ಲಿ ನೆಲ ಬಿಟ್ಟು ಸುಳಿಯಲೂಬಹುದು. ಸಮತಟ್ಟು ಜಾಗಕ್ಕೆ ಬರೆದ ಸೂತ್ರವನ್ನು ಅಲ್ಲಿ ನಾನು ಮೊದಲ ಅಂದಾಜಿಗಷ್ಟೇ ಬಳಸುತ್ತೇನೆ. ಗುಡ್ಡದ ಏರಿಳಿತಕ್ಕೆ ಹೊಂದುವಂತೆ ಲೆಕ್ಕದ ಜಾಲರಿ (ಮೆಶ್) ಹೆಣೆದು ಓಪನ್‌ಫೋಮ್‌ನಲ್ಲೇ ಲೆಕ್ಕ ಮಾಡುತ್ತೇನೆ. ದಿಕ್ಕಿನ ಸರಾಸರಿಯನ್ನು ಮಾತ್ರ ಅಲ್ಲೂ ಬಿಡುವುದಿಲ್ಲ.