ಬ್ಯಾಂಡ್‌ಸಾಗೆ ಹೊಸ ಗಾಲಿ ಹಾಕಿಸಿದ ನನ್ನ ಅನುಭವ

ಹೋದ ವರ್ಷದ ಆಷಾಢದಲ್ಲಿ ಒಂದು ಸಂಜೆ, ಮೇಲೊಂದು ಕೆಳಗೊಂದು ಚಕ್ರದ ಮೇಲೆ ಸುತ್ತುವ ಗರಗಸದ ಪಟ್ಟಿಯಿಂದ ಮರ ಕೊಯ್ಯುವ ನನ್ನ ಹದಿನಾಲ್ಕು ಇಂಚಿನ ಬ್ಯಾಂಡ್‌ಸಾ ಯಂತ್ರವನ್ನು ಪೋರ್ಚಿನಿಂದ ಗೋಡೆಯ ಬದಿಗೆ ತಳ್ಳುತ್ತಿದ್ದಾಗ, ಅದರ ಮುಂದಿನ ಗಾಲಿಯೊಂದು ಫರಶಿಯ ಸಂದಿಯಲ್ಲಿ ಸಿಕ್ಕಿ ಯಂತ್ರವಿಡೀ ಪಕ್ಕಕ್ಕೆ ವಾಲಿತು. ನನ್ನ ಎದೆಗಿಂತ ಎತ್ತರವಿರುವ, 130 ಕಿಲೋ ತೂಗುವ ಕಬ್ಬಿಣವನ್ನು ಎರಡು ಕೈಯಲ್ಲಿ ತಡೆದು ನಿಂತಿದ್ದ ಆ ಕೆಲವು ಕ್ಷಣಗಳಲ್ಲಿ ನನಗೆ ಬೇರೇನೂ ಹೊಳೆಯಲಿಲ್ಲ. ಒಳಗಿನಿಂದ ನನ್ನ ಹೆಂಡತಿ ಓಡಿ ಬಂದು ಮರದ ಹಲಗೆಯೊಂದನ್ನು ಕೆಳಗೆ ತುರುಕಿದ ಮೇಲೆಯೇ ನಾನು ಕೈ ಸಡಿಲಿಸಿದೆ. ಗಾಲಿಗಳನ್ನು ಬದಲಿಸದೆ ಇನ್ನು ಈ ಯಂತ್ರವನ್ನು ಅಲುಗಿಸುವುದಿಲ್ಲವೆಂದು ಅಂದೇ ನಿರ್ಧರಿಸಿದೆ. ಆ ಕೆಲಸಕ್ಕೆ ಸುಮಾರು ಆರು ವಾರ ಹಿಡಿಯಿತು. ಅಷ್ಟರಲ್ಲಿ ಮಾಡಿದ ಲೆಕ್ಕ, ಕೊಂಡ ಸಾಮಾನು, ಆದ ತಪ್ಪುಗಳನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ನಮ್ಮ ಮನೆ ಪುಣೆಯ ಬಳಿಯ ನಿಗಡಿ ಪ್ರಾಧಿಕರಣದಲ್ಲಿದೆ. ಮರಗೆಲಸಕ್ಕೆಂದು ಬೇರೆ ಕೋಣೆ ಇಲ್ಲ. ಹಗಲು ಪೋರ್ಚಿನಲ್ಲಿ ಕೆಲಸ, ರಾತ್ರಿ ಅದೇ ಜಾಗದಲ್ಲಿ ಕಾರು. ಆದ್ದರಿಂದ ಬ್ಯಾಂಡ್‌ಸಾ ದಿನಕ್ಕೆ ಎರಡು ಸಲ ಮೂರೂವರೆ ಮೀಟರ್ ಓಡಾಡಲೇಬೇಕು. ನೆಲಕ್ಕೆ ಹಾಸಿರುವುದು ಶಹಾಬಾದ್ ಕಲ್ಲು. ನಮ್ಮ ಕಲಬುರಗಿ ಜಿಲ್ಲೆಯಿಂದ ಬಂದು ಈ ಊರಿನ ಎಷ್ಟೋ ಹಳೆಯ ಅಂಗಳಗಳನ್ನು ತುಂಬಿರುವ ಈ ಕಲ್ಲಿನ ಮೇಲೆ ನನಗೆ ಅಭಿಮಾನವಿದೆ. ಆದರೆ ಹಾಸಿ ಇಪ್ಪತ್ತು ವರ್ಷವಾದ ಮೇಲೆ ಸಂದಿಯ ಸಿಮೆಂಟು ಉದುರಿದೆ, ಅಂಚುಗಳು ಒಡೆದಿವೆ, ಒಂದು ಕಲ್ಲಿಗೂ ಪಕ್ಕದ ಕಲ್ಲಿಗೂ ಕೆಲವೆಡೆ ಐದು ಮಿಲಿಮೀಟರ್ ಏರುಪೇರಿದೆ. ಅದರ ಜೊತೆಗೆ ಮಳೆನೀರು ಹೊರಗೆ ಹರಿಯಲೆಂದು ಪೋರ್ಚಿಗೆ ಗೇಟಿನ ಕಡೆ ಸಣ್ಣ ಇಳಿಜಾರು ಕೊಟ್ಟಿದ್ದಾರೆ.

ಹಳೆಯ ಗಾಲಿಗಳು 50 ಮಿ.ಮೀ. ವ್ಯಾಸದ ನೈಲಾನಿನವು. ನಾಲ್ಕೂ ತಿರುಗುವ ಬಗೆಯವು, ಅಂದರೆ ಕೀಲಿನ ಮೇಲೆ ಯಾವ ದಿಕ್ಕಿಗೂ ಹೊರಳುವಂಥವು; ಎರಡಕ್ಕೆ ಮಾತ್ರ ಬ್ರೇಕು. ಪ್ರತಿಯೊಂದೂ 40 ಕಿಲೋ ಹೊರುತ್ತದೆಂದು ಅಂಗಡಿಯವರು ಹೇಳಿದ್ದರು. ಯಂತ್ರ 130 ಕಿಲೋ, ಮೇಲೆ ಇಡುವ ದಿಮ್ಮಿ 30 ಕಿಲೋ, ಒಟ್ಟು 160. ನಾಲ್ಕರಿಂದ ಭಾಗಿಸಿದರೆ ಸರಿಯಾಗಿ 40 ಎಂದು ನಾನೂ ಒಪ್ಪಿಕೊಂಡು ಕೊಂಡು ತಂದಿದ್ದೆ. ಈ ಲೆಕ್ಕ ಕಾಗದದ ಮೇಲೆ ಮಾತ್ರ ಸರಿ. ಏರುಪೇರಿನ ನೆಲದಲ್ಲಿ ನಾಲ್ಕು ಗಾಲಿಗಳೂ ಒಟ್ಟಿಗೆ ನೆಲ ಮುಟ್ಟುವುದಿಲ್ಲ. ಕಾಲು ಕುಂಟುವ ಮಣೆಯ ಹಾಗೆ ಯಾವಾಗಲೂ ಒಂದು ಗಾಲಿ ತುಸು ಎತ್ತರದಲ್ಲಿದ್ದು, ಭಾರವನ್ನೆಲ್ಲ ಉಳಿದ ಮೂರು ಹೊರುತ್ತವೆ. ಆದ್ದರಿಂದ ಭಾಗಿಸಬೇಕಾದದ್ದು ಮೂರರಿಂದ. ಹಾಗೆ ಮಾಡಿದರೆ ಒಂದೊಂದರ ಪಾಲಿಗೆ 53 ಕಿಲೋ ಬರುತ್ತದೆ. ಸಂದಿಗೆ ಬಡಿದಾಗಿನ ಪೆಟ್ಟು ಇದರ ಮೇಲೆ ಬೇರೆ. ಹೊಸ ಗಾಲಿಗಳಿಗೆಂದು ಮಾಡಿಸಿದ, ಮುಂದೆ ವಿವರಿಸುವ ಕಬ್ಬಿಣದ ಚೌಕಟ್ಟಿನ 22 ಕಿಲೋವನ್ನೂ ಸೇರಿಸಿಕೊಂಡಾಗ ನನಗೆ ಒಂದು ಗಾಲಿಗೆ 61 ಕಿಲೋ ಬಂತು. ಪೆಟ್ಟಿಗೆಂದು ಅದರ ಎರಡು ಪಟ್ಟು ಹಿಡಿದು, 150 ಕಿಲೋ ಎಂದು ನಮೂದಿಸಿದ ಗಾಲಿಗಳನ್ನೇ ಆರಿಸಿದೆ.

ತೂಕ ಹೊರುವ ಶಕ್ತಿಗಿಂತಲೂ ನನಗೆ ಮುಖ್ಯವಾಗಿ ಕಂಡದ್ದು ಗಾಲಿಯ ವ್ಯಾಸ. ಇದನ್ನು ನನಗೆ ಮನದಟ್ಟು ಮಾಡಿಸಿದವನು ಭೋಸರಿಯ ಕಾರ್ಖಾನೆಯೊಂದರಲ್ಲಿ ವೆಲ್ಡಿಂಗ್ ಮಾಡುವ, ಇಂಡಿ ತಾಲ್ಲೂಕಿನ ಕಡೆಯ ಹುಡುಗ. ಹಳೆಯ ಗಾಲಿಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿ, "ಕಾಕಾ, ನಮ್ಮ ಎರಿ ಹೊಲದಾಗ ಬಂಡಿ ಗಾಲಿ ಅಷ್ಟ್ ಎತ್ತರ ಯಾಕ ಇರ್ತಾವ ಹೇಳ್ರಿ? ಸಣ್ಣ ಗಾಲಿ ಹಾಕಿದ್ರ ಮೊದಲನೇ ಕೊರಕಲದಾಗ ಸಿಕ್ಕೊಂಡ ನಿಂತ ಬಿಡ್ತಾವ್ರಿ" ಎಂದ. ಮನೆಗೆ ಬಂದು ಲೆಕ್ಕ ಹಾಕಿದೆ. ಐದು ಮಿ.ಮೀ. ಎತ್ತರದ ಅಂಚನ್ನು 50 ಮಿ.ಮೀ. ಗಾಲಿ ಹತ್ತಬೇಕಾದರೆ, ಅದರ ಮೇಲಿರುವ ಭಾರದ ಮುಕ್ಕಾಲು ಪಾಲಿನಷ್ಟು ಬಲದಿಂದ ಅಡ್ಡಲಾಗಿ ತಳ್ಳಬೇಕು. ಗಾಲಿ 100 ಮಿ.ಮೀ. ಆದರೆ ಅರ್ಧಕ್ಕಿಂತ ತುಸು ಕಡಿಮೆ ಸಾಕು. ಐವತ್ತು ಕಿಲೋ ಹೊತ್ತ ಗಾಲಿಗೆ ಮೊದಲು 37 ಕಿಲೋದಷ್ಟು ತಳ್ಳು ಬೇಕಾಗುತ್ತಿದ್ದರೆ ಈಗ 24 ಕಿಲೋದಷ್ಟು. 125 ಮಿ.ಮೀ.ಗೆ ಹೋದರೆ 21ಕ್ಕೆ ಇಳಿಯುತ್ತದೆ. ಅಷ್ಟು ಚಿಕ್ಕ ಲಾಭಕ್ಕಾಗಿ ಇನ್ನಷ್ಟು ಎತ್ತರದ ಗಾಲಿ ಬೇಡವೆನಿಸಿ ನೂರಕ್ಕೆ ನಿಲ್ಲಿಸಿದೆ.

ಆದರೆ ನೂರು ಮಿಲಿಮೀಟರಿನ ಗಾಲಿಯ ಒಟ್ಟು ಎತ್ತರ, ಮೇಲಿನ ಪ್ಲೇಟೂ ಸೇರಿ, 135 ಮಿ.ಮೀ. ಹಳೆಯದು 70 ಇತ್ತು. ಅದೇ ಜಾಗದಲ್ಲಿ ಯಂತ್ರದ ಅಡಿಗೆ ಇದನ್ನು ಕೂರಿಸಿದರೆ ಯಂತ್ರದ ಮೇಜು ಆರೂವರೆ ಸೆಂಟಿಮೀಟರ್ ಮೇಲಕ್ಕೆ ಹೋಗುತ್ತಿತ್ತು. ವಾಲುವ ಭಯವೂ ಅಷ್ಟರಮಟ್ಟಿಗೆ ಹೆಚ್ಚುತ್ತಿತ್ತು. ಬ್ಯಾಂಡ್‌ಸಾ ಕಿರಿದಾದ ಬುಡದ, ಎತ್ತರದ ಯಂತ್ರ. ನನ್ನದರ ಬುಡ 42 ಸೆಂ.ಮೀ. ಅಗಲ, ಭಾರದ ಕೇಂದ್ರ ನೆಲದಿಂದ ಸುಮಾರು 75 ಸೆಂ.ಮೀ. ಮೇಲಿದೆಯೆಂದು ನನ್ನ ಅಂದಾಜು. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ತಿರುಗುವ ಗಾಲಿ ತನ್ನ ಕೀಲಿನ ನೇರ ಕೆಳಗೆ ನಿಲ್ಲದೆ ಮೂರು ನಾಲ್ಕು ಸೆಂ.ಮೀ. ಹಿಂದಕ್ಕೆ ಜಾರಿ ನಿಲ್ಲುತ್ತದೆ. ಪಕ್ಕಕ್ಕೆ ತಳ್ಳುವಾಗ ಗಾಲಿಗಳು ಒಳಮುಖವಾಗಿ ತಿರುಗಿದರೆ ಆಧಾರದ ಅಗಲ ಅಷ್ಟು ಕುಗ್ಗುತ್ತದೆ. ನನ್ನ ಯಂತ್ರ ಅಂದು ವಾಲಿದ್ದು ಹೀಗೆಯೇ. 21 ಸೆಂ.ಮೀ. ಇರಬೇಕಾದ ಅರ್ಧ ಅಗಲ 18ಕ್ಕೆ ಇಳಿದಿತ್ತು. ಆ ಸ್ಥಿತಿಯಲ್ಲಿ 13 ಡಿಗ್ರಿ ವಾಲಿದರೆ ಸಾಕು, ಯಂತ್ರ ಮಗುಚುತ್ತದೆ.

ಆದ್ದರಿಂದ ಗಾಲಿಗಳನ್ನು ಯಂತ್ರದ ಅಡಿಯಿಂದ ಹೊರಗೆ, ಅಕ್ಕಪಕ್ಕಕ್ಕೆ ತಂದೆ. 50×50×5 ಮಿ.ಮೀ. ಅಳತೆಯ, ಎಲ್ ಆಕಾರದ ಕಬ್ಬಿಣದ ಪಟ್ಟಿಯಾದ ಆ್ಯಂಗಲ್‌ನಿಂದ ಬುಡದ ಅಳತೆಗೆ ಸರಿಯಾದ ಚೌಕಟ್ಟು; ಅದರ ನಾಲ್ಕು ಮೂಲೆಗಳಿಂದ ಮೇಲೆದ್ದು ಹೊರಗೆ ಚಾಚುವ ರೆಕ್ಕೆಗಳು; ಆ ರೆಕ್ಕೆಗಳ ಅಡಿಗೆ ಗಾಲಿಗಳು. ಯಂತ್ರ ಚೌಕಟ್ಟಿನೊಳಗೆ ತೊಟ್ಟಿಲಲ್ಲಿ ಕೂತಂತೆ ತಗ್ಗಿನಲ್ಲಿ ಕೂರುತ್ತದೆ, ನೆಲದಿಂದ 25 ಮಿ.ಮೀ. ಮಾತ್ರ ಮೇಲೆ. ಹೀಗೆ ಗಾಲಿ ದೊಡ್ಡದಾದರೂ ಯಂತ್ರ ನಾಲ್ಕೂವರೆ ಸೆಂ.ಮೀ. ಕೆಳಗಿಳಿಯಿತು, ಮತ್ತು ಗಾಲಿಗಳ ನಡುವಿನ ಅಂತರ 66 ಸೆಂ.ಮೀ.ಗೆ ಹಿಗ್ಗಿತು. ಗಾಲಿಗಳು ಒಳಕ್ಕೆ ತಿರುಗಿದ ಅತ್ಯಂತ ಕೆಟ್ಟ ಸ್ಥಿತಿಯಲ್ಲೂ ಮಗುಚುವುದಕ್ಕೆ ಈಗ 22 ಡಿಗ್ರಿ ವಾಲಬೇಕು. ರೆಕ್ಕೆಗೆ 6 ಮಿ.ಮೀ. ಪ್ಲೇಟು ಹಾಕಿಸಿದ್ದೇನೆ. ಭಾರವೆಲ್ಲ ಅದರ ತುದಿಯಲ್ಲಿ ಬೀಳುವುದರಿಂದ ಬರೀ ಪ್ಲೇಟು ಬಾಗುತ್ತದೆ. ಪ್ರತಿ ರೆಕ್ಕೆಗೂ ಎರಡೆರಡು ಮುಕ್ಕೋನದ ಪಟ್ಟಿಗಳನ್ನು ಆಸರೆಯಾಗಿ ಕೊಡಿಸಲೇಬೇಕು.

ಗಾಲಿಗಳನ್ನು ಕೊಳ್ಳಲು ರವಿವಾರ ಪೇಠೆಯ ಬೋಹ್ರಿ ಆಳಿಗೆ ಹೋದೆ. ಹಾರ್ಡ್‌ವೇರ್ ಸಾಮಾನಿಗೆ ಪುಣೆಯಲ್ಲಿ ನನಗೆ ಅದೇ ಗಲ್ಲಿ. ನೈಲಾನ್ ಗಾಲಿ ಹಗುರವಾಗಿ ಉರುಳುತ್ತದೆ ನಿಜ, ಆದರೆ ಗಡುಸು. ಒಡೆದ ಕಲ್ಲಿನಂಚನ್ನು ಇನ್ನಷ್ಟು ಒಡೆಯುತ್ತದೆ, ಸದ್ದೂ ಹೆಚ್ಚು. ಬೀಡುಕಬ್ಬಿಣದ್ದು ಕಲ್ಲಿನ ಮೇಲೆ ಗೀರು ಮೂಡಿಸುತ್ತದೆ. ರಬ್ಬರಿನದು ಮೆತ್ತಗೆ ಹೋಗುತ್ತದೆ, ಆದರೆ ಭಾರ ಹೊತ್ತು ಒಂದೇ ಕಡೆ ವಾರಗಟ್ಟಲೆ ನಿಂತರೆ ನೆಲ ಮುಟ್ಟಿದ ಭಾಗ ಚಪ್ಪಟೆಯಾಗುತ್ತದೆ. ಬೀಡಿನ ಚಕ್ರಕ್ಕೆ ಪಾಲಿಯುರೆಥೇನ್ ಹೊದಿಸಿದ, ಅಂಗಡಿಗಳಲ್ಲಿ ಪಿಯು ಎಂದೇ ಕರೆಯುವ ಗಾಲಿಯನ್ನು ಆರಿಸಿದೆ. ಕೊಳ್ಳುವ ಮೊದಲು ಒಂದೊಂದನ್ನೂ ಕೈಯಲ್ಲಿ ಹಿಡಿದು ಪರೀಕ್ಷಿಸಿದೆ. ಚಕ್ರವನ್ನು ಬೆರಳಿನಿಂದ ತಿರುಗಿಸಿದರೆ ಎರಡೂ ಬದಿಯ ಬೇರಿಂಗಿನಿಂದ ಒಂದೇ ಸಮನಾದ ಮೆಲ್ಲನೆಯ ಸದ್ದು ಬರಬೇಕು, ನಡುವೆ ಕಟಕಟ ಎನ್ನಬಾರದು. ಮೇಲಿನ ಪ್ಲೇಟನ್ನು ಒಂದು ಕೈಯಲ್ಲಿ, ಚಕ್ರವನ್ನು ಹಿಡಿದಿರುವ ಕವೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಅಲುಗಿಸಿದರೆ ಕೀಲಿನಲ್ಲಿ ಸಡಿಲ ಕಾಣಬಾರದು. ತೋರಿಸಿದ ಏಳರಲ್ಲಿ ಎರಡು ಹೀಗೆ ಸಡಿಲವಿದ್ದವು, ಅವನ್ನು ಬದಿಗಿಟ್ಟೆ. ಹಿಂಬದಿಗೆ ದಿಕ್ಕು ಬದಲಿಸದೆ ನೇರಕ್ಕೆ ಮಾತ್ರ ಉರುಳುವ ಎರಡು ಗಾಲಿ, ಮುಂಬದಿಗೆ ಎರಡು ತಿರುಗುವವು. ಮುಂದಿನವುಗಳ ಬ್ರೇಕು ಚಕ್ರವನ್ನಷ್ಟೇ ಅಲ್ಲದೆ ಕೀಲನ್ನೂ ಬಿಗಿಹಿಡಿಯುವ ಬಗೆಯದು. ಚಕ್ರ ಮಾತ್ರ ನಿಂತು ಕೀಲು ತಿರುಗುತ್ತಿದ್ದರೆ ಯಂತ್ರ ನಿಂತಲ್ಲೇ ಹೊಯ್ದಾಡುತ್ತದೆ.

ಬ್ರೇಕು ಎಷ್ಟೇ ಗಟ್ಟಿಯಾಗಿದ್ದರೂ ಗಾಲಿಯ ಮೇಲೆ ನಿಂತ ಬ್ಯಾಂಡ್‌ಸಾದಲ್ಲಿ ಮರ ಕೊಯ್ಯಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಗಾಲಿ ಸಾಗಿಸುವುದಕ್ಕೆ, ನಿಲ್ಲುವುದಕ್ಕೆ ಪಾದ ಬೇಕು. ಆದ್ದರಿಂದ ಪ್ರತಿ ರೆಕ್ಕೆಯಲ್ಲೂ ಗಾಲಿಯ ಪಕ್ಕದಲ್ಲಿ ಎಂ16 ಅಳತೆಯ, ಅಂದರೆ 16 ಮಿ.ಮೀ. ವ್ಯಾಸದ ಬೋಲ್ಟಿಗೆ ಹೊಂದುವ ನಟ್ಟೊಂದನ್ನು ವೆಲ್ಡ್ ಮಾಡಿಸಿ, ಅದರಲ್ಲಿ ಮೇಲಿನಿಂದ ಇಳಿಯುವ ಉದ್ದನೆಯ ಬೋಲ್ಟು, ಬೋಲ್ಟಿನ ತುದಿಗೆ ರಬ್ಬರ್ ಪಾದ ಕೊಡುವ ಯೋಜನೆ ಮಾಡಿದೆ. ಎಂ16 ಬೋಲ್ಟಿನ ಒಂದು ಸುತ್ತಿಗೆ ಎರಡು ಮಿ.ಮೀ. ಇಳಿತ. ಪಾದ ನೆಲ ಮುಟ್ಟಿದ ಮೇಲೆ 24 ಮಿ.ಮೀ. ಪಾನಾದಿಂದ (ಸ್ಪ್ಯಾನರ್) ಎರಡು ಸುತ್ತು ಕೊಟ್ಟರೆ ಗಾಲಿ ನೆಲ ಬಿಡುತ್ತದೆ. ಪ್ರತಿ ಪಾದವನ್ನೂ ಬೇರೆಬೇರೆಯಾಗಿ ಇಳಿಸುವುದರಿಂದ ನೆಲದ ಏರುಪೇರಿಗೂ ಇದೇ ಪರಿಹಾರ. ಪಿಯು ಗಾಲಿಯೂ ಭಾರದಡಿ ನಿಂತೇ ಇದ್ದರೆ ಕೊಂಚ ಚಪ್ಪಟೆಯಾಗುವುದುಂಟು, ಅದೂ ತಪ್ಪುತ್ತದೆ.

ಇಲ್ಲಿಯೇ ನಾನೊಂದು ತಪ್ಪು ಮಾಡಿದ್ದೆ. ನಟ್ಟಿನ ಜಾಗವನ್ನು ಕೀಲಿನ ನಡುವಿನಿಂದ 70 ಮಿ.ಮೀ. ದೂರದಲ್ಲಿ ಗುರುತು ಮಾಡಿಕೊಂಡಿದ್ದೆ. ಅದೃಷ್ಟವಶಾತ್ ವೆಲ್ಡಿಂಗಿಗೆ ಕೊಡುವ ಮೊದಲು ರಟ್ಟಿನಲ್ಲಿ ರೆಕ್ಕೆಯ ಆಕಾರ ಕತ್ತರಿಸಿ, ಗಾಲಿಯನ್ನು ತಲೆಕೆಳಗಾಗಿಟ್ಟು ಸುತ್ತು ತಿರುಗಿಸಿ ನೋಡಿದೆ. ಚಕ್ರ ನೇರವಾಗಿ ಬೋಲ್ಟಿನ ಗುರುತಿಗೆ ಬಂದು ನಿಂತಿತು. ಕೀಲಿನಿಂದ ಚಕ್ರದ ನಡುವಿಗೆ 40 ಮಿ.ಮೀ., ಚಕ್ರದ ಅರೆವ್ಯಾಸ 50 ಮಿ.ಮೀ.; ಅಂದರೆ ತಿರುಗುವ ಗಾಲಿಗೆ ಸುತ್ತಲೂ 90 ಮಿ.ಮೀ. ಬಯಲು ಬೇಕು. ನಟ್ಟನ್ನು 120 ಮಿ.ಮೀ.ಗೆ ಸರಿಸಿ, ರೆಕ್ಕೆಗಳನ್ನು ಉದ್ದ ಮಾಡಿಸಿದೆ.

ಇನ್ನೊಂದು ತಪ್ಪು ವೆಲ್ಡಿಂಗಿನಲ್ಲಿ ಆಯಿತು. ನಾಲ್ಕು ಮೂಲೆಗಳಿಗೂ ಮೊದಲು ಚುಕ್ಕೆ ಬೆಸುಗೆ ಹಾಕಿ, ಎರಡು ಕರ್ಣಗಳೂ ಸಮವಿವೆಯೇ ಎಂದು ಟೇಪಿನಿಂದ ಅಳೆದು, ಆಮೇಲೆ ಎದುರುಬದುರು ಮೂಲೆಗಳನ್ನು ಸ್ವಲ್ಪ ಸ್ವಲ್ಪವೇ ಪೂರ್ತಿ ಮಾಡಬೇಕಾಗಿತ್ತು. ಆ ದಿನ ಕತ್ತಲಾಗುತ್ತಿದ್ದುದರಿಂದ ನಾನೇ ಅವಸರಪಡಿಸಿ ಒಂದು ಮೂಲೆಯನ್ನು ಒಮ್ಮೆಲೇ ಮುಗಿಸಲು ಹೇಳಿದೆ. ಕಬ್ಬಿಣ ತಣಿದು ಎಳೆದುಕೊಂಡಾಗ ಚೌಕಟ್ಟು ಮೂರು ಮಿ.ಮೀ. ತಿರುಚಿಕೊಂಡಿತು. ಒಂದು ಗಾಲಿಯ ಪ್ಲೇಟಿನಡಿ ಮೂರು ಮಿ.ಮೀ. ದಪ್ಪದ ಪಟ್ಟಿಯೊಂದನ್ನು ಪೂರ್ತಿ ಅಗಲಕ್ಕೆ ಇಟ್ಟು ಸರಿಪಡಿಸಿದೆವು. ಬರೀ ವಾಷರು ಕೊಟ್ಟಿದ್ದರೆ ಬೋಲ್ಟಿನ ಸುತ್ತ ಮಾತ್ರ ಆಸರೆ ಸಿಕ್ಕು ಪ್ಲೇಟು ಬಾಗುತ್ತಿತ್ತು.

ಯಂತ್ರವನ್ನು ಚೌಕಟ್ಟಿನೊಳಗೆ ಇಳಿಸಿದ್ದು ಒಂದು ರವಿವಾರ, ಮೂವರು ಸೇರಿ. ಪ್ಲಗ್ ಕಿತ್ತು, ಬ್ಲೇಡಿನ ಬಿಗಿ ಸಡಿಲಿಸಿ ಹೊರತೆಗೆದು, ಬೀಡಿನ ಮೇಜನ್ನೂ ಬಿಚ್ಚಿ ಬದಿಗಿಟ್ಟೆವು. ಒಬ್ಬರು ಹಾರೆಯಿಂದ ಒಂದು ಬದಿಯನ್ನು ಎರಡು ಸೆಂ.ಮೀ. ಎತ್ತುವುದು, ಇನ್ನೊಬ್ಬರು ಹಲಗೆ ತುರುಕುವುದು, ಮೂರನೆಯವರು ಯಂತ್ರದ ಕಂಬವನ್ನು ಹಿಡಿದೇ ಇರುವುದು. ಬಳಿಕ ಇನ್ನೊಂದು ಬದಿ. ಮೇಲಿನ ಚಕ್ರದ ಮುಚ್ಚಳವನ್ನಾಗಲಿ ಬ್ಲೇಡಿನ ಗೈಡನ್ನಾಗಲಿ ಯಾರೂ ಹಿಡಿಯಬಾರದೆಂದು ಮೊದಲೇ ಹೇಳಿಟ್ಟಿದ್ದೆ, ಏಕೆಂದರೆ ಅವು ಭಾರ ಹೊರುವ ಭಾಗಗಳಲ್ಲ. ಚೌಕಟ್ಟಿನ ಮುಂದಿನ ಪಟ್ಟಿಯನ್ನು ವೆಲ್ಡ್ ಮಾಡಿಸದೆ ಬೋಲ್ಟಿನಿಂದ ಜೋಡಿಸುವಂತೆ ಮಾಡಿಸಿದ್ದರಿಂದ ಚೌಕಟ್ಟನ್ನು ಹಿಂದಿನಿಂದ ಸರಿಸಿ ತಂದು, ಪಟ್ಟಿ ಬಿಗಿದು, ಹಲಗೆಗಳನ್ನು ಒಂದೊಂದಾಗಿ ತೆಗೆದೆವು. ಎಲ್ಲ ಕಡೆಯೂ ಕಂಪನಕ್ಕೆ ಸಡಿಲಾಗದ ನೈಲಾಕ್ ನಟ್ಟುಗಳನ್ನೇ ಬಳಸಿದ್ದೇನೆ. ಗಾಲಿ, ಕಬ್ಬಿಣ, ಮಜೂರಿ ಎಲ್ಲ ಸೇರಿ 7,200 ರೂಪಾಯಿ ಆಯಿತು.

ಪಾದಗಳ ಮೇಲೆ ಯಂತ್ರವನ್ನು ನಿಲ್ಲಿಸಿ, ಮೇಜಿನ ಮೇಲೆ ಐದು ರೂಪಾಯಿಯ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ ಮೋಟಾರು ಚಾಲೂ ಮಾಡಿದೆ. ಹಳೆಯ ಗಾಲಿಗಳ ಮೇಲೆ ಅದು ಒಂದು ಸಲವೂ ನಿಂತಿರಲಿಲ್ಲ. ಈಗ ನಿಂತಿತು; ಮೋಟಾರು ಆರಿಸಿದಾಗ ಚಕ್ರಗಳು ನಿಧಾನಗೊಳ್ಳುವ ಹೊತ್ತಿನ ಅದುರಿನಲ್ಲಿ ಮಾತ್ರ ಬಿತ್ತು. ಆರು ಇಂಚು ಎತ್ತರದ ಸಾಗವಾನಿ ತುಂಡಿನಿಂದ ಎರಡು ಮಿ.ಮೀ. ಪದರಗಳನ್ನು ಸೀಳಿದಾಗ ಗರಗಸದ ಗೆರೆಗಳು ಮೊದಲಿಗಿಂತ ಸಣ್ಣಗೆ, ಒಂದೇ ಸಮನಾಗಿ ಬಂದವು.

ಇಳಿಜಾರಿನ ಬಗ್ಗೆ ಒಂದು ಎಚ್ಚರ ಹೇಳಲೇಬೇಕು. ಹೊಸ ಗಾಲಿಗಳು ಎಷ್ಟು ಸುಲಭವಾಗಿ ಉರುಳುತ್ತವೆಂದರೆ, ಮೊದಲ ದಿನ ಬ್ರೇಕು ತೆಗೆದು ಪಾನಾ ಕೆಳಗಿಡುವಷ್ಟರಲ್ಲಿ ಯಂತ್ರ ತಾನಾಗಿ ಗೇಟಿನ ಕಡೆ ಅರ್ಧ ಅಡಿ ಸಾಗಿತ್ತು. ಅಂದಿನಿಂದ ಮೊದಲು ಪಾದಗಳನ್ನು ಮೇಲೆತ್ತಿ, ಕೈ ಯಂತ್ರದ ಮೇಲಿಟ್ಟು, ಕೊನೆಯಲ್ಲಿ ಬ್ರೇಕು ಬಿಡುವ ಕ್ರಮವನ್ನೇ ಪಾಲಿಸುತ್ತಿದ್ದೇನೆ. ತಳ್ಳುವಾಗಲೂ ನಾನು ಇಳಿಜಾರಿನ ಕೆಳಬದಿಗೆ ನಿಲ್ಲುವುದಿಲ್ಲ.

ಒಂದು ತಿಂಗಳ ಬಳಿಕ ಎಲ್ಲ ಬೋಲ್ಟುಗಳನ್ನೂ ಮತ್ತೆ ಬಿಗಿದು ನೋಡಿದೆ. ಹದಿನಾರರಲ್ಲಿ ಎರಡು ಕಾಲು ಸುತ್ತು ತೆಗೆದುಕೊಂಡವು. ಎರಡು ತಿಂಗಳಿಗೊಮ್ಮೆ ಅಚ್ಚಿನ ಸುತ್ತ ಸುತ್ತಿಕೊಂಡ ನಾರು, ಹೊಟ್ಟುಗಳನ್ನು ಬಿಡಿಸಿ ತೆಗೆಯುತ್ತೇನೆ, ಮಳೆಗಾಲಕ್ಕೆ ಮೊದಲು ಕೀಲುಗಳಿಗೆ ಗ್ರೀಸು ಕೊಡುತ್ತೇನೆ. ತೆಗೆದ ನಾಲ್ಕು ನೈಲಾನ್ ಗಾಲಿಗಳನ್ನು ತುಂಡು ಕಟ್ಟಿಗೆ ತುಂಬುವ ಪೆಟ್ಟಿಗೆಯ ಅಡಿಗೆ ಹಾಕಿದ್ದೇನೆ. ಪೆಟ್ಟಿಗೆ ಮೊಣಕಾಲೆತ್ತರ, ತುಂಬಿದಾಗ 30 ಕಿಲೋ.