ಪೆನ್‌ಡ್ರೈವ್‌ನಿಂದ ಲಿನಕ್ಸ್ ಮಿಂಟ್: ಮೊದಲು ಪರೀಕ್ಷೆ, ಆಮೇಲೆ ಅಳವಡಿಕೆ

ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡ ಮೇಲೆ, ವಿಂಡೋಸ್ 11ರ ಷರತ್ತುಗಳಿಗೆ ಹೊಂದದಿದ್ದರೂ ಇನ್ನೂ ಗಟ್ಟಿಮುಟ್ಟಾಗಿರುವ ಎಷ್ಟೋ ಲ್ಯಾಪ್‌ಟಾಪ್‌ಗಳು ಮನೆಗಳಲ್ಲಿ ಉಳಿದಿವೆ. ಅಂಥ ಯಂತ್ರದಲ್ಲಿ, ವಿಂಡೋಸ್ ಬದಲು ಬಳಸಬಹುದಾದ ಉಚಿತ ಕಾರ್ಯಾಚರಣೆ ವ್ಯವಸ್ಥೆಯಾದ ಲಿನಕ್ಸ್ ಮಿಂಟ್ ಅನ್ನು ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಿ, ಎಲ್ಲವೂ ಸರಿಹೊಂದಿದರೆ ಮಾತ್ರ ಹಾರ್ಡ್ ಡಿಸ್ಕ್‌ನಲ್ಲಿ ಅಳವಡಿಸಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

8 ಜಿಬಿಯ ಪೆನ್‌ಡ್ರೈವ್ ಸಾಕು. ಅದರಲ್ಲಿರುವುದೆಲ್ಲ ಅಳಿಸಿಹೋಗುವುದರಿಂದ ಬೇಕಾದುದನ್ನು ಮೊದಲೇ ತೆಗೆದಿಟ್ಟುಕೊಳ್ಳಿ. ಮಿಂಟ್‌ನ ಅಧಿಕೃತ ತಾಣದಿಂದ ಐಎಸ್‌ಒ ಕಡತವನ್ನು (ಇಡೀ ವ್ಯವಸ್ಥೆಯನ್ನು ಒಳಗೊಂಡ ಒಂದೇ ಕಡತ) ಇಳಿಸಿಕೊಳ್ಳುವಾಗ, 4 ಜಿಬಿ ಅಥವಾ ಹೆಚ್ಚು ರ‍್ಯಾಮ್ ಇದ್ದರೆ ಸಿನಮನ್ ಆವೃತ್ತಿಯನ್ನೂ ಅದಕ್ಕಿಂತ ಕಡಿಮೆಯಿದ್ದರೆ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನೂ ಆರಿಸುವುದು ಒಳ್ಳೆಯದು. ಇಳಿಸಿದ ಕಡತದ ಎಸ್‌ಎಚ್‌ಎ-256 ಮೊತ್ತವನ್ನು (ಕಡತ ಕೆಡದೆ ಬಂದಿದೆಯೇ ಎಂದು ತಿಳಿಸುವ ಅಕ್ಷರ-ಅಂಕಿಗಳ ಸಾಲು) ತಾಣದಲ್ಲಿರುವ ಮೊತ್ತದೊಂದಿಗೆ ಹೋಲಿಸಿ ನೋಡಿ. ಅರ್ಧ ದಾರಿಯಲ್ಲಿ ವಿಚಿತ್ರ ದೋಷ ತೋರಿಸಿ ನಿಂತುಬಿಡುವ ಅಳವಡಿಕೆಗೆ ಕೆಟ್ಟ ಡೌನ್‌ಲೋಡ್ ಕಾರಣವಾಗಿರುವುದುಂಟು. ಐಎಸ್‌ಒ ಕಡತವನ್ನು ಪೆನ್‌ಡ್ರೈವ್‌ಗೆ ಬರಿದೆ ಕಾಪಿ ಮಾಡಿದರೆ ಯಂತ್ರ ಅದರಿಂದ ಬೂಟ್ ಆಗುವುದಿಲ್ಲ, ಅಂದರೆ ಚಾಲೂ ಆಗುವುದಿಲ್ಲ. ರೂಫಸ್ ಅಥವಾ ಬಲೇನಾ ಎಚರ್‌ನಂಥ ತಂತ್ರಾಂಶದಿಂದಲೇ ಬರೆಯಬೇಕು.

ಕಂಪ್ಯೂಟರನ್ನು ಆಫ್ ಮಾಡಿ, ಪೆನ್‌ಡ್ರೈವ್ ಸಿಕ್ಕಿಸಿ, ಆನ್ ಮಾಡಿದ ಕೂಡಲೇ ಬೂಟ್ ಮೆನುವಿನ ಕೀಲಿಯನ್ನು ಒತ್ತುತ್ತಿರಿ. ಡೆಲ್ ಮತ್ತು ಲೆನೊವೊ ಯಂತ್ರಗಳಲ್ಲಿ ಇದು ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ತೆರೆಯುವ ಮೆನುವಿನಲ್ಲಿ ಪೆನ್‌ಡ್ರೈವನ್ನು ಆಯ್ದುಕೊಳ್ಳಿ.

ಮಿಂಟ್‌ನ ಪರದೆ ತೆರೆದಾಗ ಅಳವಡಿಸುವ ಚಿಹ್ನೆಯನ್ನು ಒಡನೆಯೇ ಒತ್ತುವ ಆತುರ ಬೇಡ. ಹಾರ್ಡ್ ಡಿಸ್ಕನ್ನು ಮುಟ್ಟದೆ, ಪೆನ್‌ಡ್ರೈವ್ ಮತ್ತು ರ‍್ಯಾಮ್‌ನಿಂದಲೇ ನಡೆಯುವ ಈ ಲೈವ್ ಅವಧಿಯಲ್ಲಿ ಅರ್ಧ ದಿನವನ್ನಾದರೂ ಕಳೆಯಬೇಕೆಂಬುದು ನನ್ನ ಸಲಹೆ. ವೈಫೈ ಸಿಗುತ್ತದೆಯೇ, ಸ್ಪೀಕರ್, ಮೈಕ್ ಮತ್ತು ಕ್ಯಾಮೆರಾ ಕೆಲಸ ಮಾಡುತ್ತವೆಯೇ, ಬೆಳಕನ್ನು ಹೆಚ್ಚುಕಡಿಮೆ ಮಾಡುವ ಕೀಲಿಗಳು ಸ್ಪಂದಿಸುತ್ತವೆಯೇ, ಮುಚ್ಚಳ ಮುಚ್ಚಿ ತೆರೆದರೆ ಯಂತ್ರ ಮತ್ತೆ ಎಚ್ಚರಗೊಳ್ಳುತ್ತದೆಯೇ ಎಂಬುದನ್ನೆಲ್ಲ ಒಂದೊಂದಾಗಿ ನೋಡಿ. ನಿಮ್ಮ ಪ್ರಿಂಟರನ್ನೂ ಜೋಡಿಸಿ, ಒಂದು ಪುಟ ಮುದ್ರಿಸಿ ನೋಡಿ. ಕನ್ನಡದ ಪುಟವೊಂದನ್ನು ತೆರೆದು ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆಯೇ ಎಂದು ಗಮನಿಸಿ; ಬರೆಯಲು ಬೇಕಾದ ಕೆಜಿಪಿ ಅಥವಾ ಇನ್‌ಸ್ಕ್ರಿಪ್ಟ್ ಕೀಲಿಮಣೆ ವಿನ್ಯಾಸವನ್ನು ಐಬಸ್ ಎಂಬ ಟೈಪಿಂಗ್ ಸಾಧನದ ಮೂಲಕ ಆಮೇಲೆ ಸೇರಿಸಿಕೊಳ್ಳಬಹುದು. ವೇಗವನ್ನು ಮಾತ್ರ ಇಲ್ಲಿ ಅಳೆಯಬೇಡಿ, ಏಕೆಂದರೆ ಪೆನ್‌ಡ್ರೈವ್‌ನಿಂದ ಓದುವ ವ್ಯವಸ್ಥೆ ಡಿಸ್ಕ್‌ನಿಂದ ಓದುವುದಕ್ಕಿಂತ ನಿಧಾನವಾಗಿಯೇ ಇರುತ್ತದೆ. ಲೈವ್ ಅವಧಿಯಲ್ಲಿ ಉಳಿಸಿದ ಕಡತಗಳು ಯಂತ್ರ ಆರಿಸಿದೊಡನೆ ಮಾಯವಾಗುತ್ತವೆ ಎಂಬುದೂ ನೆನಪಿರಲಿ.

ವಿಂಡೋಸನ್ನೂ ಉಳಿಸಿಕೊಳ್ಳುವುದಾದರೆ, ವಿಂಡೋಸ್‌ಗೆ ಮರಳಿ ಮೂರು ಕೆಲಸ ಮುಗಿಸಬೇಕು. ಮುಖ್ಯ ಕಡತಗಳನ್ನು ಬೇರೊಂದು ಡಿಸ್ಕ್‌ಗೆ ನಕಲು ಮಾಡಿ, ಬಿಟ್‌ಲಾಕರ್ (ಡಿಸ್ಕನ್ನು ಗೂಢಲಿಪಿಯಲ್ಲಿಡುವ ವಿಂಡೋಸ್‌ನ ಸೌಲಭ್ಯ) ಚಾಲ್ತಿಯಲ್ಲಿದ್ದರೆ ಅದರ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಫಾಸ್ಟ್ ಸ್ಟಾರ್ಟಪ್ ಅನ್ನು ನಿಲ್ಲಿಸಿ. ಅದು ಚಾಲ್ತಿಯಲ್ಲಿದ್ದರೆ ವಿಂಡೋಸ್ ಪೂರ್ತಿ ಮುಚ್ಚದೆ ಅರೆನಿದ್ದೆಯಲ್ಲಿರುವುದರಿಂದ, ಡಿಸ್ಕ್‌ನಲ್ಲಿ ಅದರ ವಿಭಾಗಕ್ಕೆ (ಪಾರ್ಟಿಶನ್) ಲಿನಕ್ಸ್ ಬರೆಯಲಾಗುವುದಿಲ್ಲ. ಕೊನೆಯದಾಗಿ, ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ವಿಭಾಗವನ್ನು ಕುಗ್ಗಿಸಿ ಜಾಗ ಬಿಡಿಸಿಕೊಳ್ಳಿ. ಮಿಂಟ್‌ಗೆ 20 ಜಿಬಿ ಕನಿಷ್ಠವಾದರೂ 50 ಜಿಬಿಗಿಂತ ಕಡಿಮೆ ಕೊಟ್ಟರೆ ಬೇಗನೆ ಇಕ್ಕಟ್ಟಾಗುತ್ತದೆ.

ಈಗ ಮತ್ತೆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಅಳವಡಿಕೆ ಆರಂಭಿಸಿ. ಭಾಷೆ ಮತ್ತು ಕೀಲಿಮಣೆಯ ಪ್ರಶ್ನೆಗಳು ಸುಲಭ. ಡಿಸ್ಕ್‌ನ ಪುಟ ಬಂದಾಗ ಮಾತ್ರ ನಿಂತು ಎರಡು ಬಾರಿ ಓದಿ. ಇಡೀ ಡಿಸ್ಕನ್ನು ಅಳಿಸುವ ಆಯ್ಕೆ ವಿಂಡೋಸ್, ಫೋಟೋಗಳು, ದಾಖಲೆಗಳು ಎಲ್ಲವನ್ನೂ ಒರೆಸಿಹಾಕುತ್ತದೆ. ವಿಂಡೋಸ್ ಬೇಕಿದ್ದರೆ ಅದರ ಜೊತೆಗೆ ಅಳವಡಿಸುವ ಆಯ್ಕೆಯನ್ನು ಒತ್ತಿ, ಅಥವಾ ಬಿಡಿಸಿಟ್ಟ ಖಾಲಿ ಜಾಗದಲ್ಲಿ ಇಎಕ್ಸ್‌ಟಿ4 (ಲಿನಕ್ಸ್ ಬಳಸುವ ಕಡತ ವ್ಯವಸ್ಥೆ) ವಿಭಾಗವನ್ನು ನೀವೇ ರಚಿಸಿಕೊಳ್ಳಿ. ಎರಡನೆಯ ದಾರಿ ಹಿಡಿದವರು ಈಗಾಗಲೇ ಇರುವ ಇಎಫ್‌ಐ ವಿಭಾಗವನ್ನು ಯಾವ ಕಾರಣಕ್ಕೂ ಫಾರ್ಮ್ಯಾಟ್ ಮಾಡಬಾರದು, ಏಕೆಂದರೆ ವಿಂಡೋಸ್ ಬೂಟ್ ಆಗಲು ಬೇಕಾದ ಕಡತಗಳಿರುವುದು ಅಲ್ಲಿಯೇ.

ಕೆಲಸ ಮುಗಿದು ಯಂತ್ರ ಮರುಪ್ರಾರಂಭವಾದಾಗ ಎರಡೂ ವ್ಯವಸ್ಥೆಗಳ ಹೆಸರಿರುವ, ಯಾವುದನ್ನು ತೆರೆಯಬೇಕೆಂದು ಕೇಳುವ ಗ್ರಬ್ ಮೆನು ಕಾಣಿಸಬೇಕು. ಅದು ಕಾಣದೆ ನೇರವಾಗಿ ವಿಂಡೋಸ್ ತೆರೆದುಕೊಂಡರೆ ಬಯಾಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗ್‌ಗಳ ಪರದೆ) ಬೂಟ್ ಕ್ರಮವನ್ನು ಬದಲಿಸಿ. ವಿಂಡೋಸ್‌ನ ಗಡಿಯಾರ 5 ಗಂಟೆ 30 ನಿಮಿಷ ಹಿಂದೆ ಬಿದ್ದಿದ್ದರೆ ಗಾಬರಿ ಬೇಡ. ಲಿನಕ್ಸ್ ಯಂತ್ರದ ಗಡಿಯಾರದಲ್ಲಿ ಗ್ರೀನಿಚ್ ವೇಳೆಯನ್ನು ಬರೆದಿಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ವೇಳೆಯೆಂದು ಓದುತ್ತದೆ. ಪೆನ್‌ಡ್ರೈವನ್ನು ಕೆಲವು ವಾರ ಹಾಗೆಯೇ ಇಟ್ಟುಕೊಳ್ಳಿ: ವಿಂಡೋಸ್‌ನ ಯಾವುದೋ ಅಪ್‌ಡೇಟ್ ಬಂದು ಗ್ರಬ್ ಮೆನು ಕಾಣೆಯಾದರೆ, ಅದನ್ನು ಮರಳಿ ತರುವ ಬೂಟ್ ರಿಪೇರ್ ಎಂಬ ಸಾಧನ ಅದರಲ್ಲಿಯೇ ಇದೆ.