ಹುಬ್ಬಳ್ಳಿಯಾಗ ಕುಂತು ಲಾಸ್ ವೇಗಾಸ್‌ನ ಸಿಇಎಸ್ ನೋಡೋದು ಹೆಂಗ

ಜನವರಿ ಮೊದಲ್ನೇ ವಾರ ಬಂತಂದ್ರ ನಮ್ಮ ಅಂಗಡಿಗೆ ಬರೋ ಮಂದಿ ಮೊಬೈಲ್ ಎತ್ತಿ ಮುಂದ ಹಿಡೀತಾರ, "ಅಣ್ಣಾರ, ಇದು ನೋಡ್ರಿ, ಆರ್‌ಪಾರ್ ಕಾಣೋ ಟಿವಿ ಬಂದೈತಂತ, ನಿಮ್ಮಲ್ಲೆ ಯಾವಾಗ ಬರ್ತೈತ್ರಿ?" ನಾನು ಕೊಪ್ಪೀಕರ್ ರೋಡ್ ಹತ್ರ ಟಿವಿ, ಫ್ರಿಜ್ ಮಾರೋ ಅಂಗಡಿಯಾಗ ಕೆಲಸ ಮಾಡ್ತೀನಿ, ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕು ಅಂತಾನ ಸಿಇಎಸ್ ನೋಡೋ ರೂಢಿ ಹಚ್ಚಿಕೊಂಡೆ. ಆ ಆರ್‌ಪಾರ್ ಟಿವಿ ಎಲ್‌ಜಿಯವರು 2024ರ ಜನವರಿಯಾಗ ತೋರ್ಸಿದ್ದು, ಅಮೆರಿಕಾದಾಗ ಮಾರಾಟಕ್ಕ ಬಂದದ್ದು ಡಿಸೆಂಬರ್‌ನ್ಯಾಗ, ರೇಟು 59,999 ಡಾಲರ್, ಅಂದ್ರ 50 ಲಕ್ಷ ರೂಪಾಯಿ ಮ್ಯಾಲೆ. ವಿಡಿಯೋದಾಗ ಕಂಡದ್ದಕ್ಕೂ ಮನಿಗೆ ಬರೋದಕ್ಕೂ ನಡುವ ಎಷ್ಟು ದೂರ ಐತಿ ಅನ್ನೋದು ತಿಳ್ಕೊಳ್ಳಾಕ ಆ ಶೋ ಸರಿಯಾಗಿ ನೋಡಬೇಕು, ಅದಕ್ಕ ಇದನ್ನ ಬರೀತಿದೀನಿ.

ಗೊತ್ತಿಲ್ಲದವರಿಗೆ ಹೇಳ್ತೀನಿ, ಸಿಇಎಸ್ ಅಂದ್ರ ವರ್ಷಾ ಜನವರಿ ಶುರುವಿನ್ಯಾಗ ಅಮೆರಿಕಾದ ಲಾಸ್ ವೇಗಾಸ್‌ನ್ಯಾಗ ನಡೆಯೋ ಎಲೆಕ್ಟ್ರಾನಿಕ್ಸ್ ಸಾಮಾನಿನ ದೊಡ್ಡ ಪ್ರದರ್ಶನ. 1967ರಾಗ ನ್ಯೂಯಾರ್ಕ್‌ನ್ಯಾಗ ಶುರು ಆತು, ಆಗ ಬಂದ ಮಂದಿ 17,500, ಈಗ ಲಕ್ಷದ ಮ್ಯಾಲೆ. ವ್ಯಾಪಾರಸ್ಥರಿಗೆ, ಪತ್ರಿಕೆಯವರಿಗೆ, ಕಂಪನಿ ಮಂದಿಗೆ ಮಾತ್ರ ಒಳಗ ಬಿಡ್ತಾರ, ಟಿಕೆಟ್ ತಗೊಂಡು ಸುಮ್ನ ನೋಡಾಕ ಹೋಗೋ ಜಾತ್ರಿ ಅಲ್ಲ ಅದು. ಹಂಗಾಗಿ ಅಮೆರಿಕಾದ ಮಂದೀನೂ ಬಹಳಷ್ಟು ನಮ್ಮಂಗ ಮನ್ಯಾಗ ಕುಂತ ನೋಡ್ತಾರ, ಹುಬ್ಬಳ್ಳಿಯಾಗ ಇದ್ದೀವಿ ಅಂತ ನಮಗೇನೂ ಕಡಿಮಿ ಆಗಂಗಿಲ್ಲ.

ಮೊದಲು ಟೈಮಿನ ಲೆಕ್ಕ ತಲ್ಯಾಗ ಕುಂದರಬೇಕು. ಜನವರಿಯಾಗ ಲಾಸ್ ವೇಗಾಸ್ ನಮಗಿಂತ 13 ತಾಸು 30 ನಿಮಿಷ ಹಿಂದ ಇರ್ತೈತಿ. ಸಲೀಸಾಗಿ ಲೆಕ್ಕ ಹಾಕೋ ದಾರಿ ಏನಂದ್ರ ಅಲ್ಲಿನ ಟೈಮಿಗೆ ಒಂದೂವರಿ ತಾಸು ಕೂಡಿಸ್ರಿ, ಮುಂಜಾನಿ ಇದ್ರ ರಾತ್ರಿ ಮಾಡ್ರಿ, ಸಂಜಿ ಇದ್ರ ಮರುದಿನ ಮುಂಜಾನಿ ಮಾಡ್ರಿ, ಮುಗೀತು. ಅಲ್ಲೆ ಮುಂಜಾನಿ 9 ಅಂದ್ರ ನಮಗ ಅವತ್ತ ರಾತ್ರಿ ಹತ್ತೂವರಿ, ಅಲ್ಲೆ ಸಂಜಿ ಆರೂವರಿ ಅಂದ್ರ ನಮಗ ಮರುದಿನ ಮುಂಜಾನಿ 8. 2025ರಾಗ ಚಿಪ್ ಮಾಡೋ ಎನ್ವಿಡಿಯಾ ಕಂಪನಿ ಮುಖ್ಯಸ್ಥ ಜೆನ್ಸನ್ ಹುವಾಂಗ್ ಭಾಷಣ ಅಲ್ಲೆ ಜನವರಿ 6ರ ಸಂಜಿ ಆರೂವರಿಗೆ ಇತ್ತು, ನಾನು 7ನೇ ತಾರೀಖ ಮುಂಜಾನಿ ಅವಲಕ್ಕಿ ತಿನ್ಕೋತ ಪೂರ್ತಿ ನೋಡಿ ಹತ್ತಕ್ಕ ಅಂಗಡಿ ಬಾಗಿಲಾ ತೆಗ್ಯಾಕ ಹೋದೆ. ಹಿಂಗ ಅವರ ಸಂಜಿ ಕಾರ್ಯಕ್ರಮ ನಮಗ ಬಾಳ ಅನುಕೂಲ, ಅವರ ಮುಂಜಾನಿ ಕಾರ್ಯಕ್ರಮನೂ ಊಟಾ ಮಾಡಿ ನೋಡಬಹುದು, ತ್ರಾಸು ಕೊಡೋದು ಅವರ ಮಧ್ಯಾಹ್ನದ್ದು, ಅದು ನಮಗ ನಡುರಾತ್ರಿ ದಾಟಿ ಬರ್ತೈತಿ. ಅದನ್ನ ಬಿಟ್ಟುಬಿಡ್ರಿ, ಮುಂಜಾನಿ ಎದ್ದು ರೆಕಾರ್ಡಿಂಗ್ ನೋಡ್ರಿ.

ಮೊದಲ್ನೇ ವರ್ಷ ನಾನು ಎಲ್ಲಾ ಲೈವ್ ನೋಡಾಕ ಹೋಗಿ ಮೂರು ರಾತ್ರಿ ನಿದ್ದಿಗೆಟ್ಟೆ, ನಾಕನೇ ದಿನ ಅಂಗಡಿಯಾಗ ಒಬ್ಬ ಹಿರಿಯರಿಗೆ ಬ್ಯಾರೆ ಮಾಡೆಲಿನ ರೇಟು ಹೇಳಿದೆ, ಅವರು ರೊಕ್ಕಾ ಎಣಸೋ ಹೊತ್ತಿಗೆ ಗೊತ್ತಾತು. ಅವರಿಗೆ ಆದ ಬ್ಯಾಸರ ನನಗ ಇನ್ನೂ ನೆನಪೈತಿ. ಲೈವ್ ನೋಡಿದ್ದಕ್ಕ ಯಾರೂ ಬಹುಮಾನ ಕೊಡಂಗಿಲ್ಲರಿ, ವಿಡಿಯೋ ಎಲ್ಲೂ ಓಡಿ ಹೋಗಂಗಿಲ್ಲ.

ಇನ್ನೊಂದು ಮಾತು, ಶೋದ ಬಾಗಿಲಾ ತೆಗಿಯೋ ದಿನದಿಂದ ನೋಡಾಕ ಶುರು ಮಾಡಿದ್ರ ತಡಾ ಆತು ಅಂತ ತಿಳ್ಕೋರಿ. ಬಾಗಿಲಾ ತೆಗಿಯೋಕ್ಕಿಂತ ಎರಡು ದಿನ ಮೊದಲ ಮೀಡಿಯಾ ಡೇ ಅಂತ ಇರ್ತಾವು, ದೊಡ್ಡ ಕಂಪನಿಗಳು ತಮ್ಮ ಮುಖ್ಯ ಸುದ್ದಿ ಹೇಳೋದು ಆವಾಗ. 2025ರಾಗ ಶೋ ಇದ್ದದ್ದು ಜನವರಿ 7ರಿಂದ 10, ಆದ್ರ ಟಿವಿ ಸುದ್ದಿ, ಚಿಪ್ಪಿನ ಸುದ್ದಿ ಬಹಳಷ್ಟು 5 ಮತ್ತ 6ಕ್ಕ ಬಂದು ಮುಗದಿತ್ತು. ಆಮ್ಯಾಲಿನ ನಾಕು ದಿನ ಇರೋದು ಆ ಸಾಮಾನು ಹತ್ರದಿಂದ ನೋಡಾಕ. ಮತ್ತ ಆಪಲ್ ಏನ್ ತರ್ತೈತಿ ಅಂತ ಕಾಯಬ್ಯಾಡ್ರಿ, ಅವರು ಅಲ್ಲೆ ಸ್ಟಾಲ್ ಹಾಕಂಗಿಲ್ಲ.

ಎಲ್ಲಿ ನೋಡೋದು? ಸಿಇಎಸ್‌ನವರದ ಯೂಟ್ಯೂಬ್ ಚಾನೆಲ್ ಐತಿ, ಸ್ಯಾಮ್‌ಸಂಗ್, ಎಲ್‌ಜಿ, ಸೋನಿ, ಎಎಂಡಿ ಎಲ್ಲಾರದೂ ಅವರವರ ಚಾನೆಲ್ ಅದಾವು, ಎರಡು ದಿನ ಮೊದಲ ಹೋಗಿ ರಿಮೈಂಡರ್ ಒತ್ತಿ ಇಟ್ರ ಟೈಮಿಗೆ ಸರಿಯಾಗಿ ಫೋನ್ ಬಾರಸ್ತೈತಿ. ಹುಡುಕಿ ಲೈವ್ ತೆಗಿಯಾಕ ಹೋಗಬ್ಯಾಡ್ರಿ ಯಾಕಂದ್ರ ದೊಡ್ಡ ಭಾಷಣ ನಡದಾಗ ನಕಲಿ ಚಾನೆಲ್‌ನವರೂ ಲೈವ್ ಅಂತ ಬೋರ್ಡು ಹಾಕ್ಕೊಂಡು ಕುಂದರ್ತಾರ, ಭಾಷಣ ಮಾಡೋರ ಮುಖ, ಧ್ವನಿ ಎಐಯಿಂದ ಮಾಡಿ ಬದಿಗೆ ಕ್ಯೂಆರ್ ಕೋಡ್ ಇಟ್ಟು ಕ್ರಿಪ್ಟೊ ಹಾಕ್ರಿ ಡಬಲ್ ಕೊಡ್ತೀವಿ ಅಂತಾರ. ನಿಜವಾದ ಕಂಪನಿ ಭಾಷಣದ ನಡುವ ರೊಕ್ಕಾ ಕೇಳಂಗಿಲ್ಲ, ಆ ಕೋಡ್ ಸ್ಕ್ಯಾನ್ ಮಾಡಬ್ಯಾಡ್ರಿ, ಮನ್ಯಾಗಿನ ಹುಡುಗರಿಗೂ ಹೇಳಿ ಇಡ್ರಿ. ಡೇಟಾ ದಿನಕ್ಕ ಒಂದೂವರಿ ಜಿಬಿ ಇದ್ದವರು ವಿಡಿಯೋ ಕ್ವಾಲಿಟಿ 480ಕ್ಕ ಇಟ್ಟು ನೋಡ್ರಿ, ಭಾಷಣಕ್ಕ ಅಷ್ಟು ಸಾಕು. ವೈಫೈ ಇದ್ದವರು ರೌಟರಿಗೆ ಹಚ್ಚೋ ಸಣ್ಣ ಯುಪಿಎಸ್ ತಗೊಂಡ್ರ ಕರೆಂಟ್ ಹೋದ್ರೂ ನಿಲ್ಲಂಗಿಲ್ಲ, ಕರೆಂಟ್ ಹೋಗೋದು ನಮ್ಮೂರಿಗೆ ಅಷ್ಟ ಬರೆದಿಟ್ಟದ್ದಲ್ಲ, 2018ರ ಜನವರಿ 10ಕ್ಕ ಸಿಇಎಸ್‌ನ ಸೆಂಟ್ರಲ್ ಹಾಲ್‌ನ್ಯಾಗ, ಸಾವಿರಾರು ಟಿವಿ ಇದ್ದಲ್ಲೇ, ಹೆಚ್ಚು ಕಡಿಮಿ ಎರಡು ತಾಸು ಕತ್ತಲಾಗಿತ್ತು.

ಈಗ ಮುಖ್ಯ ಕೆಲಸ. ಎಲ್ಲಾ ನೋಡಾಕ ಆಗಂಗಿಲ್ಲ, ಸ್ಟಾಲ್ ನಾಕೂವರಿ ಸಾವಿರ ಇರ್ತಾವು. ನಿಮಗ ಈ ವರ್ಷ ನಿಜವಾಗ್ಲೂ ಬೇಕಾದ ಒಂದು ಸಾಮಾನು, ಸುಮ್ನ ಆಸಕ್ತಿ ಇರೋದು ಒಂದು ಅಥವಾ ಎರಡು, ಇಷ್ಟ ಆರಿಸ್ಕೋರಿ. ನಾನು ಒಂದು ಇನ್ನೂರು ಪೇಜಿನ ನೋಟ್‌ಬುಕ್ ಇಟ್ಟೀನಿ, ಒಂದು ಸಾಮಾನಿಗೆ ಒಂದು ಪೇಜು, ಪೇಜಿನ ಮ್ಯಾಲೆ ಹೆಸರು, ಅದರ ಕೆಳಗ ನಾಕು ಸಾಲು: ರೇಟು ಹೇಳಿದ್ರೇನು, ತಾರೀಖು ಹೇಳಿದ್ರೇನು, ಯಾವ ದೇಶದಾಗ ಅಂದ್ರು, ಕೈಯಾಗ ಕೊಟ್ಟು ಮುಟ್ಟಾಕ ಬಿಟ್ರೋ ಗಾಜಿನ ಹಿಂದ ಇಟ್ಟಿದ್ರೋ. ಈ ನಾಕರಾಗ ಮೂರಕ್ಕ ಉತ್ತರ ಇಲ್ಲಂದ್ರ ಆ ಸಾಮಾನು ಈ ವರ್ಷ ಬರಂಗಿಲ್ಲ ಅಂತ ನಾನು ಗಿರಾಕಿಗೆ ಧೈರ್ಯವಾಗಿ ಹೇಳ್ತೀನಿ, ಇಲ್ಲೀತನ ನನ್ನ ಲೆಕ್ಕ ತಪ್ಪಿದ್ದು ಕಡಿಮಿ.

ಸ್ಯಾಮ್‌ಸಂಗಿನ ಬ್ಯಾಲಿ ಅಂತ ಮನ್ಯಾಗ ಉಳ್ಳಾಡೋ ಚೆಂಡಿನಂಥಾ ರೋಬೋ ಐತಿ, ಅದರ ಪೇಜು ಹೇಳಬೇಕಂದ್ರ, 2020ರಾಗ ಮೊದಲ್ನೇ ಸಲ ತೋರ್ಸಿದ್ರು, 2024ರಾಗ ಪ್ರೊಜೆಕ್ಟರ್ ಕೂಡಿಸಿ ಮತ್ತ ತೋರ್ಸಿದ್ರು, 2025ರಾಗ ಈ ವರ್ಷದ ಮೊದಲ ಅರ್ಧದಾಗ ಮಾರ್ತೀವಿ ಅಂದ್ರು, 2025 ಮುಗೀತು, ಅಂಗಡಿಗೆ ಬರ್ಲಿಲ್ಲ. ಎಲ್‌ಜಿಯವರ ಚಾಪಿಯಂಗ ಸುತ್ತಿಕೊಳ್ಳೋ ಟಿವಿ 2019ರಾಗ ಕಂಡಿತ್ತು, ಕೊರಿಯಾದಾಗ ಮಾರಾಟಕ್ಕ ಬರಾಕ 2020ರ ಅಕ್ಟೋಬರ್ ಆತು, ಅದೂ 10 ಕೋಟಿ ವಾನ್‌ಗೆ. ಹಂಗಂತ ಎಲ್ಲಾ ಹಂಗ ಅಲ್ಲ, 2001ರ ಜನವರಿಯಾಗ ಬಿಲ್ ಗೇಟ್ಸ್ ಅಲ್ಲೇ ಎಕ್ಸ್‌ಬಾಕ್ಸ್ ಅನ್ನೋ ಗೇಮ್ ಆಡೋ ಮಷಿನ್ ತೋರ್ಸಿದ್ರು, ಅದೇ ವರ್ಷ ನವೆಂಬರ್‌ನ್ಯಾಗ ಅಮೆರಿಕಾದ ಅಂಗಡಿಯಾಗ ಇತ್ತು. ಯಾವ ಸಾಮಾನು ಯಾವ ಜಾತಿದು ಅಂತ ತಿಳಿಯಾಕ ಹಳೇ ಪೇಜುಗಳಷ್ಟು ಉಪಯೋಗ ಬ್ಯಾರೆ ಯಾವುದೂ ಇಲ್ಲ.

ಭಾಷಣ ಕೇಳುವಾಗ ಕಿವಿಗಿಂತ ಕಣ್ಣು ಮುಖ್ಯ, ಸ್ಲೈಡಿನ ಕೆಳಗ ಸಣ್ಣ ಅಕ್ಷರದಾಗ ಬರೆದದ್ದು ಓದ್ರಿ. 2025ರ ಎನ್ವಿಡಿಯಾ ಭಾಷಣದಾಗ 549 ಡಾಲರಿನ ಆರ್‌ಟಿಎಕ್ಸ್ 5070 ಅನ್ನೋ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು ಅವರದ ಹಿಂದಿನ ದುಬಾರಿ ಕಾರ್ಡು 4090ರಷ್ಟು ಪರ್ಫಾರ್ಮೆನ್ಸ್ ಕೊಡ್ತೈತಿ ಅಂದ್ರು, ಚಪ್ಪಾಳಿ ಬಿತ್ತು, ಗೇಮ್ ಆಡೋ ಹುಡುಗರು ಮರುದಿನ ಹಳೇ ಕಾರ್ಡು ಮಾರಾಕ ನಿಂತ್ರು. ಆ ಮಾತು ನಡಿಯೋದು ಡಿಎಲ್‌ಎಸ್‌ಎಸ್ 4 ಅನ್ನೋ ಅವರ ಸಾಫ್ಟ್‌ವೇರ್ ಹಚ್ಚಿ ಎಐ ನಡುನಡುವ ಫ್ರೇಮ್ ತಯಾರು ಮಾಡಿ ಸೇರಿಸಿದಾಗ. ಕಾರ್ಡು ಮಾರಾಟಕ್ಕ ಬಂದದ್ದೂ ಮಾರ್ಚ್ 5ಕ್ಕ, ಹೊರಗಿನವರ ಟೆಸ್ಟ್ ಬಂದದ್ದೂ ಆ ಹೊತ್ತಿಗೇನ. ಕಂಪನಿ ಹೇಳಿದ್ದು ಒಂದು ಬಣ್ಣದ ಪೆನ್ನಿನ್ಯಾಗ, ಬ್ಯಾರೆಯವರು ಅಳದು ನೋಡಿದ್ದು ಇನ್ನೊಂದು ಬಣ್ಣದಾಗ ಬರ್ಕೊಳ್ರಿ, ನಾನು ಕೆಂಪು ಮತ್ತ ನೀಲಿ ಇಟ್ಟೀನಿ. ಸಿಇಎಸ್ ಇನೋವೇಶನ್ ಅವಾರ್ಡ್ ಸಿಕ್ಕೈತಿ ಅನ್ನೋ ಮುದ್ರಿ ನೋಡಿ ಮರುಳಾಗಬ್ಯಾಡ್ರಿ, ಅದಕ್ಕ ಕಂಪನಿಯವರು ತಾವ ಅರ್ಜಿ ಹಾಕಿ ಫೀ ಕಟ್ಟಬೇಕು, ಶೋಕ್ಕಿಂತ ಮೊದಲ ಆ ಪಟ್ಟಿ ತಯಾರಾಗಿರ್ತೈತಿ.

ಟಿವಿ ನೋಡೋ ರೀತಿ ಸ್ವಲ್ಪ ಬಿಡಿಸಿ ಹೇಳ್ತೀನಿ ಯಾಕಂದ್ರ ಇದು ನನ್ನ ದಿನದ ಕೆಲಸ. ಯೂಟ್ಯೂಬ್ ವಿಡಿಯೋ ನೋಡಿ ಬಣ್ಣಾ ಎಷ್ಟು ಚೊಲೊ ಐತಿ ಅನಬ್ಯಾಡ್ರಿ, ನೀವು ನೋಡ್ತಿರೋದು ನಿಮ್ಮ ಮೊಬೈಲಿನ ಬಣ್ಣಾ, ಆ ಟಿವಿದಲ್ಲ. ಮಾತಿಲ್ಲದ, ಮ್ಯೂಸಿಕ್ ಇಲ್ಲದ, ಒಬ್ಬಾತ ಕ್ಯಾಮೆರಾ ಹಿಡಕೊಂಡು ಸುಮ್ನ ಸ್ಟಾಲ್ ಒಳಗ ಅಡ್ಡಾಡೋ ಉದ್ದನ್ನ ವಿಡಿಯೋ ಹುಡುಕ್ರಿ, ಅವು ಬಂಗಾರ. ಆತ ಟಿವಿ ಬದಿಗೆ ನಡದಾಗ ಚಿತ್ರ ಮಂಕಾಗ್ತೈತೇನು ನೋಡ್ರಿ, ನಮ್ಮ ಮನಿಯಾಗ ಹಬ್ಬಕ್ಕ ಹತ್ತು ಮಂದಿ ಸೇರಿದ್ರ ಅರ್ಧ ಮಂದಿ ಮೂಲ್ಯಾಗ ಕುಂತ ನೋಡೋದು. ಮ್ಯಾಲಿನ ಲೈಟು ಪರದಿ ಮ್ಯಾಲೆ ಎಷ್ಟು ಹೊಳಿತೈತಿ ನೋಡ್ರಿ. ಕಾಲು ಎರಡು ತುದಿಗೆ ಅದಾವೋ ನಡುವ ಐತೋ ನೋಡ್ರಿ, ಎರಡು ತುದಿಗೆ ಇದ್ರ ನಿಮ್ಮ ಮನಿ ಟೇಬಲ್ ಸಾಲಂಗಿಲ್ಲ. ಹಿಂದಿನ ಭಾಗ ಎರಡ ಸೆಕೆಂಡ್ ಬರ್ತೈತಿ, ಅಲ್ಲೆ ಪಾಸ್ ಮಾಡಿ, ಸ್ಪೀಡು 0.25ಕ್ಕ ಇಳಿಸಿ, ಬ್ಯಾರೆ ಸಾಮಾನಿನ ವೈರ್ ಹಚ್ಚೋ ಎಚ್‌ಡಿಎಂಐ ತೂತು ಎಷ್ಟದಾವು ಎಣಸ್ರಿ. ನವನಗರದ ನಮ್ಮ ಮಾಂವಶಿ ಮನಿಗೆ ಟಿವಿ ತಗೋಬೇಕಿತ್ತು, ಸೆಟ್‌ಟಾಪ್ ಬಾಕ್ಸು, ಸೌಂಡ್‌ಬಾರ್, ಮೊಮ್ಮಗನ ಗೇಮಿಂದು ಹಿಂಗ ಮೂರು ವೈರ್ ಬೇಕು, ವಿಡಿಯೋದಾಗ ಎಣಸಿದ್ರ ಹೊಸಾ ಸಣ್ಣ ಮಾಡೆಲಿಗೆ ಎರಡ ಇದ್ವು. ಅಕಿ ಕನ್ನಡಕ ಹಾಕ್ಕೊಂಡು ತಾನೂ ಎಣಸಿ, "ಹೌದಪಾ, ಎರಡ ಅದಾವು, ಇದು ಬ್ಯಾಡ" ಅಂದ್ಲು.

ರೇಟಿನ ಲೆಕ್ಕ. ಅಮೆರಿಕಾದಾಗ ಹೇಳೋ ರೇಟಿನ್ಯಾಗ ಅಲ್ಲಿನ ಸೇಲ್ಸ್ ಟ್ಯಾಕ್ಸ್ ಸೇರಿರಂಗಿಲ್ಲ, ನಮ್ಮ ಎಂಆರ್‌ಪಿಯಾಗ ಜಿಎಸ್‌ಟಿ ಸೇರಿರ್ತೈತಿ, ದೊಡ್ಡ ಟಿವಿಗೆ 2025ರ ಸೆಪ್ಟೆಂಬರ್ 22ರಿಂದ 28 ಇದ್ದದ್ದು 18 ಪರ್ಸೆಂಟ್ ಆಗೈತಿ. ಅದಕ್ಕ ಡಾಲರನ್ನ ರೂಪಾಯಿಗೆ ಗುಣಾಕಾರ ಮಾಡಿ ಅಂಗಡಿಗೆ ಬಂದು ಜಗಳಾ ತೆಗಿಬ್ಯಾಡ್ರಿ, ಆ ಅಂಕಿಗೆ ಇಲ್ಲಿನ ಟ್ಯಾಕ್ಸು, ಬಂದರಿನ ಸುಂಕ ಎಲ್ಲಾ ಕೂಡಬೇಕು. ಮಾಡೆಲ್ ನಂಬರೂ ಇಲ್ಲೆ ಬ್ಯಾರೆ ಇರ್ತೈತಿ, ಬಂದ ಮ್ಯಾಲೆ ಮತ್ತೊಮ್ಮೆ ತೂತು ಎಣಸಬೇಕು.

ಅಮೆರಿಕಾದಾಗ ಇರೋ ಸಂಬಂಧಿಕರಿಂದ ತರಸೋ ಆಸೆ ಇದ್ರ ಮೊದಲು ವೋಲ್ಟೇಜ್ ನೋಡ್ರಿ. ಅಲ್ಲೆ 120 ವೋಲ್ಟ್, ನಮ್ಮಲ್ಲೆ 230. ಮೊಬೈಲ್ ಚಾರ್ಜರ್, ಲ್ಯಾಪ್‌ಟಾಪ್ ಚಾರ್ಜರ್ ಮ್ಯಾಲೆ 100-240 ಅಂತ ಬರೆದಿರ್ತಾರ, ಅವು ನಡಿತಾವು. ಕಾಯಿಸೋ ಸಾಮಾನು ಹಂಗಲ್ಲ. ನಮ್ಮ ಕಾಕಾನ ಮಗ ಪ್ರೀತಿಲೇ ಒಂದು ಕಾಫಿ ಮಷಿನ್ ಹೊತ್ಕೊಂಡು ಬಂದಾ, ಪಿನ್ ಬದಲಿಸೋ ಅಡಾಪ್ಟರ್ ಹಚ್ಚಿ ಸ್ವಿಚ್ ಒತ್ತಿದ್ವಿ, ಟಪ್ ಅಂತ ಸಪ್ಳ ಬಂತು, ಅಡಗಿ ಮನಿ ತುಂಬ ಸುಟ್ಟ ವಾಸನಿ. ಪಿನ್ ಬದಲಿಸೋ ಅಡಾಪ್ಟರ್ ವೋಲ್ಟೇಜ್ ಇಳಸಂಗಿಲ್ಲ ಅನ್ನೋದು ನನಗ ಗೊತ್ತಿತ್ತು, ಆದ್ರೂ ಅವತ್ತ ಅದರ ಹಿಂದಿನ ಚೀಟಿ ಓದಲಿಲ್ಲ. ನೀವು ಓದ್ರಿ.

ವಿದ್ಯಾನಗರ ಕಡೆ ಇಂಜಿನಿಯರಿಂಗ್ ಓದೋ ಹುಡುಗರು ಕೇಳಿದ್ರ ನಾನು ದೊಡ್ಡ ಸ್ಟಾಲ್ ಬಿಟ್ಟು ಯುರೇಕಾ ಪಾರ್ಕ್ ನೋಡ್ರಿ ಅಂತೀನಿ. ಲಾಸ್ ವೇಗಾಸ್‌ನ ವೆನೀಶಿಯನ್ ಹೋಟೆಲ್ ಕಡೆ ಇರೋ ಆ ಜಾಗದಾಗ ಸಣ್ಣ ಸಣ್ಣ ಸ್ಟಾರ್ಟ್‌ಅಪ್‌ನವರು ಒಂದೊಂದು ಟೇಬಲ್ ಹಾಕ್ಕೊಂಡು ನಿಂತಿರ್ತಾರ, ಸಾಮಾನು ಮಾಡಿದಾತನ ಎದುರಿಗೆ ಇರ್ತಾನ, ಬಿಚ್ಚಿ ತೋರಸ್ತಾನ, ಬೋರ್ಡ್ ಮ್ಯಾಲಿನ ವೈರ್ ಕಾಣ್ತೈತಿ. ನಿಮ್ಮ ಪ್ರಾಜೆಕ್ಟಿಗೆ ಅಲ್ಲೆ ಸಿಗೋ ವಿಚಾರ ದೊಡ್ಡ ಭಾಷಣದಾಗ ಸಿಗಂಗಿಲ್ಲ. ಈ ರುಚಿ ಹತ್ತಿದವರು ಮೇ-ಜೂನ್ ಹೊತ್ತಿಗೆ ತೈಪೆಯ ಕಂಪ್ಯೂಟೆಕ್ಸ್, ಸೆಪ್ಟೆಂಬರಿನ ಬರ್ಲಿನ್ ಐಎಫ್‌ಎ ಅನ್ನೋ ಇಂಥವ ಪ್ರದರ್ಶನನೂ ನೋಡಬಹುದು, ಟೈಮು ಇನ್ನೂ ಸಲೀಸು, ತೈಪೆಯ ಮುಂಜಾನಿ 10 ನಮಗ ಏಳೂವರಿ, ಬರ್ಲಿನ್ನಿನ 10 ನಮಗ ಮಧ್ಯಾಹ್ನ ಒಂದೂವರಿ.

ಇನ್ನ ತಗೊಳ್ಳೋ ವಿಚಾರ. ಜನವರಿಯಾಗ ತೋರ್ಸಿದ ಟಿವಿ ಸಾಮಾನ್ಯವಾಗಿ ಯುಗಾದಿ ದಾಟಿದ ಮ್ಯಾಲೇನ ನಮ್ಮ ಅಂಗಡಿಗೆ ಬರೋದು, ಹೊಸದು ಬರ್ತೈತಿ ಅಂತ ಗೊತ್ತಾದ ಕೂಡ್ಲೇ ಹಿಂದಿನ ವರ್ಷದ್ದರ ರೇಟು ಇಳಿಯಾಕ ಹತ್ತತೈತಿ. ಶೋದಾಗ ಹೊಸದಕ್ಕ ಏನ್ ಹೆಚ್ಚಿಗಿ ಹಾಕ್ಯಾರ ಅಂತ ನೋಟ್‌ಬುಕ್ಕಿನ್ಯಾಗ ಬರ್ಕೊಂಡವರಿಗೆ ಹಳೇದ ಸಾಕೋ, ಕಾಯಬೇಕೋ ಅನ್ನೋದು ತಾನ ತಿಳೀತೈತಿ. ಮಾಂವಶಿ ಪೇಜಿನ್ಯಾಗ ಕೆಂಪು ಪೆನ್ನಿಂದು ಆರು ಸಾಲು ಇತ್ತು, ನೀಲಿದು ಒಂದೂ ಇರ್ಲಿಲ್ಲ, ಅಕಿಗೆ ಬೇಕಾದ ಮೂರು ತೂತು ಹಿಂದಿನ ವರ್ಷದ 55 ಇಂಚಿನ ಮಾಡೆಲಿಗೆ ಇದ್ವು. ಸಂಕ್ರಾಂತಿ ಮುಗಿಸಿ ಜನವರಿ 26ರ ಸೇಲಿನ್ಯಾಗ ಅದನ್ನ ಕೊಡಿಸಿದೆ, ಗ್ವಾಡಿಗೆ ಹಚ್ಚಿ ಮೂರೂ ವೈರ್ ಹಾಕಿ ಬಂದೆ.